ಕುದಿಸಿದ ನೆಲ್ಲಿನ ಬೀಜ

ಅಮರಮ್ಮನ ಕೈಗುಣ ಕೆಟ್ಟದ್ದಾಗಿರಲಿಲ್ಲ. ಬೀಜವೇ ಸತ್ತಿತ್ತು. ಕುದಿಸಿದ ನೆಲ್ಲನ್ನು, ಅಂದರೆ ಭತ್ತವನ್ನು, ಬೀಜ ಅಂತ ತಂದು ಸೊಸೆಯ ಕೈಗೆ ಕೊಟ್ಟವಳು ನಾನು. ಮೊಳಕೆ ಬರದಿದ್ದಾಗ ಅವಳ ಕೈ ತೋರಿಸಿದವಳೂ ನಾನೇ. ನಡೆದದ್ದು ಇಷ್ಟು. ಊರವರು ಇಷ್ಟು ವರ್ಷ ಹೇಳಿಕೊಂಡು ಬಂದದ್ದೆಲ್ಲ ಸುಳ್ಳು.

ಹೋದ ತಿಂಗಳು ಕಣ್ಣು ತೋರಿಸಿಕೊಂಡು ಬರಲು ಮೊಮ್ಮಗನ ಗಾಡಿ ಮೇಲೆ ಸಿಂಧನೂರಿಗೆ ಹೋಗಿದ್ದೆ. ವಾಪಸ್ ಬರುವಾಗ ರಸ್ತೆ ಬದಿಯ ಮಿಲ್ಲೊಂದರಲ್ಲಿ ನೆಲ್ಲು ಕುದಿಸುತ್ತಿದ್ದರು. ಆ ವಾಸನೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಹಸಿ ಹುಲ್ಲು, ಕೆಸರು, ಗಂಜಿ ಮೂರನ್ನೂ ಒಂದೇ ಗಡಿಗೆಯಲ್ಲಿ ಹಾಕಿ ಬೇಯಿಸಿದ ಹಾಗೆ. ಏನಜ್ಜಿ ಈ ನಾತ ಎಂದು ಮೊಮ್ಮಗ ಗಾಡಿ ಜೋರು ಮಾಡಿದ. ನಾನು ನಿಲ್ಲಿಸು ಎಂದೆ. ಕೆಳಗಿಳಿದು ಜಾಲಿ ಗಿಡದ ನೆರಳಿಗೆ ಕೂತೆ. ಯಾಕೆ, ತಲೆ ತಿರುಗಿತಾ ಎಂದು ಕೇಳಿದ. ಹೌದು ಎಂದೆ. ಮನೆಗೆ ಬಂದ ಮೇಲೆ ಅವನ ಹಳೆಯ ನೋಟುಬುಕ್ಕೊಂದನ್ನು ಇಸಿದುಕೊಂಡೆ. ನಾನು ಓದಿದ್ದು ಮೂರನೇ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮೂರು ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿದೆ. ಹಳೆಯ ಊರು. ಕಲ್ಲಿನ ಅಗಸಿ ಬಾಗಿಲು ಈಗಲೂ ಇದೆ. ಅದರ ಪಕ್ಕದಲ್ಲಿ ಒಂದು ಹುಡೇವು, ಹಿಂದಿನ ಕಾಲದ ಕಾವಲು ಬುರುಜು ಇತ್ತು, ಅರ್ಧ ಬಿದ್ದಿತ್ತು. ಕಾಲುವೆ ನೀರು ಬಂದು ಎಲ್ಲರೂ ಜೋಳ ಬಿಟ್ಟು ನೆಲ್ಲು ಹಾಕತೊಡಗಿದ ಮೇಲೆ ಊರ ಹೊರಗೆ ಒಂದು ಮಿಲ್ಲು ಎದ್ದಿತು. ಹುಡೇವಿನ ಕಲ್ಲುಗಳನ್ನೇ ಬಂಡಿಯಲ್ಲಿ ಹೇರಿ ಅದರ ಬುನಾದಿಗೆ ಹಾಕಿದರು. ಯಾರೂ ಬೇಡ ಅನ್ನಲಿಲ್ಲ. ಕೆಲಸ ಸಿಗುತ್ತಿತ್ತಲ್ಲ. ಅಲ್ಲಿಂದ ಊರಿಗೆ ಎರಡು ಬದುಕಾಯಿತು. ನಾಟಿ ಇದ್ದಾಗ ಹೊಲ, ಸುಗ್ಗಿ ಮುಗಿದರೆ ಮಿಲ್ಲು. ಗಂಡಸರಿಗೆ ಹಮಾಲಿ, ಹೆಂಗಸರಿಗೆ ಕಣ. ಮಿಲ್ಲಿನ ಕೂಗು ಆದರೆ ಹಟ್ಟಿಯಲ್ಲಿ ಎಮ್ಮೆಗಳೂ ಎದ್ದು ನಿಲ್ಲುತ್ತಿದ್ದವು, ಹಾಲು ಕರೆಯಲು ಬರುತ್ತಾರೆ ಅಂತ.

ನನ್ನ ಗಂಡ ಬೇಗ ಸತ್ತ. ಕಾಲುವೆಯ ಕೊನೆಯಲ್ಲಿ ಎರಡು ಎಕರೆ, ಮಿಲ್ಲಿನ ಕಣದಲ್ಲಿ ಕೂಲಿ, ಇಷ್ಟರ ಮೇಲೆ ಮಗ ದುರುಗಪ್ಪನನ್ನು ದೊಡ್ಡವನು ಮಾಡಿದೆ. ಕಣದ ಕೆಲಸ ಸುಲಭವಲ್ಲ. ಕುಸುಬಲು ಅಕ್ಕಿ ಮಾಡಲು ನೆಲ್ಲನ್ನು ತೊಟ್ಟಿಯಲ್ಲಿ ನೆನೆಸಿ, ಹಬೆಯಲ್ಲಿ ಕುದಿಸಿ, ಹೊಗೆಯಾಡುವಂತೆಯೇ ತಂದು ಸಿಮೆಂಟಿನ ನೆಲದ ಮೇಲೆ ಸುರಿಯುತ್ತಿದ್ದರು. ನಾವು ಹೆಂಗಸರು ಬರಿಗಾಲನ್ನು ಎಳೆಯುತ್ತ ಅದರೊಳಗೆ ಸಾಲು ಸಾಲಾಗಿ ನಡೆಯಬೇಕು, ಬಿಸಿಲಿಗೆ ತಿರುವುತ್ತಲೇ ಇರಬೇಕು. ಕೆಳಗೆ ಸಿಮೆಂಟು ಸುಡುತ್ತದೆ, ಮೇಲೆ ನೆಲ್ಲು ಸುಡುತ್ತದೆ. ಒಣಗಿತೋ ಇಲ್ಲವೋ ಎಂದು ಹೇಳುವ ಕೆಲಸ ನನ್ನದಾಗಿತ್ತು. ಒಂದು ಕಾಳನ್ನು ಹಲ್ಲಿಗಿಟ್ಟು ಕಡಿದು ಆಯಿತು ಎಂದರೆ ಮೇಸ್ತ್ರಿ ಎದುರು ಮಾತಾಡದೆ ಚೀಲ ತುಂಬಿಸುತ್ತಿದ್ದ. ಹಸಿ ನೆಲ್ಲಿನ ಕಾಳು ಕಡಿದರೆ ಒಳಗೆ ಸುಣ್ಣದ ಹಾಗೆ ಬೆಳ್ಳಗೆ. ಕುದಿಸಿದ್ದು ಗಾಜಿನ ಹಾಗೆ, ಹಳದಿ. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಆ ಸೊಕ್ಕು ನನಗಿತ್ತು.

ಅಮರಮ್ಮ ಲಿಂಗಸುಗೂರಿನ ಆಚೆ ಒಂದು ಒಣ ಊರಿನವಳು. ಜೋಳ, ತೊಗರಿ ಬಿಟ್ಟರೆ ಬೇರೆ ಬೆಳೆ ಕಂಡವಳಲ್ಲ. ಮದುವೆಯಾದ ವರ್ಷ ಮೊದಲ ಸಲ ನಾಟಿಗೆ ಇಳಿದಾಗ ಸೀರೆ ಎತ್ತಿ ಕಟ್ಟಲು ನಾಚಿ ಸೊಂಟದವರೆಗೆ ಕೆಸರು ಮಾಡಿಕೊಂಡಿದ್ದಳು. ನಿಮ್ಮ ಊರಾಗ ಜಳಕಕ್ಕರ ನೀರು ಅದಾವೇನ ಬೇ ಎಂದು ಸಾಲಿನಲ್ಲಿದ್ದ ಹೆಂಗಸರು ಕಾಡಿಸಿದರು. ಅವಳು ತಲೆ ಎತ್ತದೆ, "ನಮ್ಮೂರಾಗ ನೀರೂ ಕಮ್ಮಿ, ಮಾತೂ ಕಮ್ಮಿ ಬಿಡ್ರಿ" ಎಂದಳು. ಅವತ್ತಿನಿಂದ ಅವಳನ್ನು ಯಾರೂ ಕೆಣಕಲಿಲ್ಲ. ಹಾಳೆಯಷ್ಟು ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದಳು. ಅನ್ನ ತಿಂದು ಬೆಳೆದ ನನ್ನ ಮಗ ಅವಳು ಬಂದ ಮೇಲೆ ರೊಟ್ಟಿ ಬೇಕು ಅನ್ನತೊಡಗಿದ. ಒಂದೇ ಕೊರತೆ, ಐದು ವರ್ಷವಾದರೂ ಮಗುವಿರಲಿಲ್ಲ. ನಾನೇನೂ ಅವಳಿಗೆ ಅಂದಿರಲಿಲ್ಲ. ಮನಸ್ಸಿನಲ್ಲಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ವರ್ಷ ಎಂಬತ್ತೊಂಬತ್ತನೇ ಇಸವಿ ಇರಬೇಕು. ಬೇಸಿಗೆ ಬೆಳೆಯಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ ಒಂದು ಚೀಲ ಬೀಜ ತೆಗೆದಿಟ್ಟಿದ್ದೆ. ಕಣದಲ್ಲಿ ದುಡಿಯುವ ಹೆಂಗಸರು ಮನೆಯ ಬೀಜವನ್ನು ಮಿಲ್ಲಿನ ಕಣದ ಒಂದು ಮೂಲೆಯಲ್ಲಿ ಒಣಗಿಸಿಕೊಳ್ಳಬಹುದಿತ್ತು. ಸಾವುಕಾರ ಅಷ್ಟು ಮಟ್ಟಿಗೆ ಒಳ್ಳೆಯವನು. ಕಾರಹುಣ್ಣಿಮೆಯಾಗಿ ಎರಡು ದಿನಕ್ಕೆ ನಾನು ಬೀಜ ಹರವಿದ್ದೆ. ಮಧ್ಯಾಹ್ನ ಗಾಳಿ ಎದ್ದಿತು. ಮಸ್ಕಿ ಗುಡ್ಡದ ಕಡೆಯಿಂದ ಕರಿ ಮೋಡ ಉರುಳಿಕೊಂಡು ಬಂತು. ಕುದಿಸಿದ ನೆಲ್ಲು ಕಣದ ತುಂಬ ಇತ್ತು. ಮೇಸ್ತ್ರಿ ಕೂಗಿದ, ಎಲ್ಲರೂ ಹಲಗೆ ಹಿಡಿದು ಓಡಿದೆವು, ನೂಕಿ ನೂಕಿ ಗುಂಪು ಮಾಡಿದೆವು, ತಾಡಪತ್ರಿ ಎಳೆದೆವು. ಧೂಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕಡೆಗೆ ನನ್ನ ಬೀಜ ನೆನಪಾಗಿ ಮೂಲೆಗೆ ಓಡಿದೆ. ಅಲ್ಲಿ ಎರಡು ಗುಂಪು ಇದ್ದವು, ಮಿಲ್ಲಿನ ನೆಲ್ಲನ್ನೂ ಯಾರೋ ಅಲ್ಲಿಗೇ ನೂಕಿದ್ದರು. ಒಂದನ್ನು ತುಂಬಿಕೊಂಡೆ. ಬಾಯಿ ಕಟ್ಟಿ ದುರುಗಪ್ಪನ ಬೆನ್ನಿಗೆ ಹೊರಿಸಿ ಮನೆಗೆ ಕಳಿಸಿದೆ. ಹಿಂದೆಯೇ ಮಳೆ ಬಂತು.

ಊರ ನೆಲ್ಲನ್ನೆಲ್ಲ ಕಡಿದು ನೋಡುವವಳು ನನ್ನ ಮನೆಯ ಬೀಜದ ಒಂದು ಕಾಳನ್ನು ಕಡಿದು ನೋಡಲಿಲ್ಲ.

ಹದಿನೈದು ದಿನಕ್ಕೆ ಮಿಲ್ಲಿನಲ್ಲಿ ಗದ್ದಲವಾಯಿತು. ಆ ಕಣದ ಮಾಲನ್ನು ಅಕ್ಕಿ ಮಾಡಿದಾಗ ಹಳದಿ ಅಕ್ಕಿಯೊಳಗೆ ಬಿಳಿ ಕಾಳು, ನುಚ್ಚು ಬಂದಿತ್ತು. ವ್ಯಾಪಾರಿ ಮಾಲು ತಿರುಗಿಸಿದ್ದ. ಸಾವುಕಾರ ಕಣಕ್ಕೆ ಬಂದು ನಿಂತು, ಯಾರೋ ನನ್ನ ಕುದಿಸಿದ ನೆಲ್ಲು ಹೊತ್ತುಕೊಂಡು ಹೋಗಿ ಹಸಿ ನೆಲ್ಲು ಕಲಸಿದ್ದಾರೆ, ಸಿಕ್ಕರೆ ಠಾಣೆಗೆ ಒಪ್ಪಿಸುತ್ತೇನೆ, ಅವರ ಮನೆಯ ಒಂದು ನರಪಿಳ್ಳೆಗೂ ಈ ಮಿಲ್ಲಿನಲ್ಲಿ ಕೆಲಸವಿಲ್ಲ ಎಂದ. ನಾನೂ ಎಲ್ಲರ ಜೊತೆ ಸೇರಿ ಆ ಕಳ್ಳಿಗೆ ಹಿಡಿಶಾಪ ಹಾಕಿದೆ. ಅವಳ ಮನೆ ಹಾಳಾಗಲಿ ಎಂದೆ.

ಕಾಲುವೆಗೆ ನೀರು ಬಿಟ್ಟರು. ಸಸಿ ಮಡಿಗೆ ಬೀಜ ನೆನೆಹಾಕುವ ದಿನ ಬಂತು. ನಮ್ಮಲ್ಲಿ ಬೀಜಕ್ಕೆ ಮೊದಲು ನೀರು ಹಾಕುವವಳು ಮುತ್ತೈದೆಯಾಗಿರಬೇಕು. ನಾನು ವಿಧವೆ, ಆಗುವುದಿಲ್ಲ. ಪ್ರತಿ ವರ್ಷ ಪಕ್ಕದ ಮನೆಯ ನಾದಿನಿ ದ್ಯಾವಮ್ಮನ ಸೊಸೆಯನ್ನು ಕರೆಸುತ್ತಿದ್ದೆ, ಅವಳು ಮೂರು ಮಕ್ಕಳ ತಾಯಿ. ಆ ವರ್ಷ ಅಮರಮ್ಮ ತಾನೇ ಬಂದು, ಈ ಸಲ ನಾನು ಹಾಕಲೇನು ಎಂದು ಕೇಳಿದಳು. ಐದು ವರ್ಷದಲ್ಲಿ ಅವಳು ನನ್ನ ಹತ್ತಿರ ಬೇಡಿದ್ದು ಅದೊಂದೇ. ಹೂಂ ಎಂದೆ. ತಲೆ ಮೇಲೆ ನೀರು ಹಾಕಿಕೊಂಡು, ಮದುವೆಯ ಹಸಿರು ಸೀರೆ ಉಟ್ಟು, ಹೊಸ ಬಳೆ ಇಟ್ಟು, ಕೊಪ್ಪರಿಗೆಗೆ ಅರಿಷಿಣ ಕುಂಕುಮ ಹಚ್ಚಿ ಐದು ಹಿಡಿ ಬೀಜ ಹಾಕಿದಳು. ಆಮೇಲೆ ಬೊಗಸೆಯಲ್ಲಿದ್ದ ನೆಲ್ಲನ್ನು ಮೂಗಿನ ಹತ್ತಿರ ಹಿಡಿದಳು.

"ಅತ್ತೀ, ಇದರ ವಾಸನಿ ಬ್ಯಾರೆ ಐತಲ್ರೀ?"

"ಜ್ವಾಳದ ಊರಾಕಿ ನೀ. ನೆಲ್ಲಿನ ವಾಸನಿ ನನಗ ಹೇಳಾಕ ಬಂದಿ" ಎಂದೆ.

ಅವಳು ನಕ್ಕು ನೀರು ಹಾಕಿದಳು. ಒಂದು ದಿನ ನೆನೆಸಿ, ನೀರು ಬಸಿದು, ಒದ್ದೆ ಗೋಣಿಯಲ್ಲಿ ಗಂಟು ಕಟ್ಟಿ, ಮೇಲೆ ಹುಲ್ಲು ಮುಚ್ಚಿ ಕಲ್ಲು ಹೇರಿದೆವು. ಹೊತ್ತು ಹೊತ್ತಿಗೆ ಅವಳೇ ಎದ್ದು ಅದಕ್ಕೆ ನೀರು ಚಿಮುಕಿಸುತ್ತಿದ್ದಳು, ತೊಟ್ಟಿಲಲ್ಲಿ ಮಲಗಿಸಿದ ಕೂಸನ್ನು ನೋಡಿದ ಹಾಗೆ ನೋಡುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಗಂಟು ಬಿಚ್ಚಿದೆವು. ದ್ಯಾವಮ್ಮ ನೋಡಲು ಬಂದಿದ್ದಳು. ಒಳಗೆ ಒಂದು ಕಾಳಿಗೂ ಮೊಳಕೆ ಇರಲಿಲ್ಲ. ಹಳಸಿದ ಗಂಜಿಯ ವಾಸನೆ ಮುಖಕ್ಕೆ ಹೊಡೆಯಿತು. ಕಡಿದು ನೋಡಬೇಕಾಗಿರಲಿಲ್ಲ. ಮಳೆ ಬಂದ ಮಧ್ಯಾಹ್ನದ ಆ ಎರಡು ಗುಂಪುಗಳು ಕಣ್ಣ ಮುಂದೆ ಬಂದವು. ಬಿಳಿ ಕಾಳು ಯಾರದೆಂದೂ ಗೊತ್ತಾಯಿತು. ನಾನು ಶಾಪ ಹಾಕಿದ ಕಳ್ಳಿ ನಾನೇ ಆಗಿದ್ದೆ. ತಪ್ಪಿ ಆಯಿತು ಎಂದರೆ ಸಾವುಕಾರ ನಂಬುತ್ತಾನೆಯೇ? ಕಾಳು ಕಡಿದು ಹೇಳುವವಳಿಗೆ ಹಸಿ ಯಾವುದು, ಕುದಿಸಿದ್ದು ಯಾವುದು ಗೊತ್ತಾಗಲಿಲ್ಲವೇ ಅನ್ನುತ್ತಾನೆ. ನನ್ನ ಕೂಲಿಯೂ ಹೋಯಿತು, ಮಗನ ಹಮಾಲಿಯೂ ಹೋಯಿತು.

ದ್ಯಾವಮ್ಮ ಹುಟ್ಟಿದಾಗಿನಿಂದ ಹೊಲದವಳು, ಮಿಲ್ಲಿನ ಬಾಗಿಲು ಕಂಡವಳಲ್ಲ. ಅವಳಿಗೆ ಆ ವಾಸನೆ ತಿಳಿಯಲಿಲ್ಲ. ಗಲ್ಲಕ್ಕೆ ಕೈ ಇಟ್ಟುಕೊಂಡು ಕೇಳಿದಳು.

"ಯಾರ ಕೈಲೆ ನೀರು ಹಾಕ್ಸಿದ್ದಿ, ನಾಗಮ್ಮ?"

ಸುಮ್ಮನಿದ್ದರೂ ಆಗುತ್ತಿತ್ತು. ಬೀಜಕ್ಕೆ ಹುಳ ಹಿಡಿದಿತ್ತು ಅಂದಿದ್ದರೂ ಆಗುತ್ತಿತ್ತು. ನಾನು ಗದ್ದ ಎತ್ತಿ ಅಮರಮ್ಮನ ಕಡೆ ತೋರಿಸಿದೆ.

"ಹಂಗಂತೀಯಾ" ಎಂದಳು ದ್ಯಾವಮ್ಮ. "ಬಂಜಿ ಕೈ ಬೀಜಕ್ಕ ಮುಟ್ಟಿಸಿದ್ರ ಮತ್ತೇನಾಗ್ತದ?"

ಅಮರಮ್ಮ ಎರಡೂ ಅಂಗೈ ನೋಡಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಗೋಣಿ ಎತ್ತಿ ಆ ನೆಲ್ಲನ್ನೆಲ್ಲ ಎಮ್ಮೆಯ ಗೋದಲಿಗೆ ಸುರಿದೆ. ಯಾರೂ ಕಡಿದು ನೋಡಬಾರದು, ಅದಕ್ಕೆ.

ನಮ್ಮ ಬೆಳೆಗೆ ಏನೂ ಆಗಲಿಲ್ಲ. ಕಾಲುವೆ ಆದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ಪಕ್ಕದ ಕ್ಯಾಂಪಿನವರಲ್ಲಿ ಸಸಿ ಉಳಿದಿತ್ತು, ಅವರ ನಾಟಿಗೆ ನಾಲ್ಕು ದಿನ ಆಳಾಗಿ ದುಡಿದು ತಂದುಕೊಂಡೆವು. ಕೆಟ್ಟದ್ದು ಅವಳ ಬದುಕೊಂದೇ. ದ್ಯಾವಮ್ಮನ ಬಾಯಿಂದ ಮಾತು ಬಾವಿಗೆ ಹೋಯಿತು, ಬಾವಿಯಿಂದ ಅಗಸಿ ಕಟ್ಟೆಗೆ. ಕ್ಯಾಂಪಿನ ನಾಟಿಗೆ ಹೋದ ಮೊದಲ ದಿನವೇ ಹೆಂಗಸರು ಅವಳನ್ನು ಸಾಲಿಗೆ ಸೇರಿಸಿಕೊಳ್ಳಲಿಲ್ಲ. ಜಗಳವಾಡಲಿಲ್ಲ, ಬೈಯಲೂ ಇಲ್ಲ. ನೀ ಬದುವಿನ ಮ್ಯಾಲ ಕುಂಡ್ರವ್ವ, ನಮ್ಮ ಬುತ್ತಿ ನೋಡ್ಕೋ ಎಂದರು. ಸಸಿ ಕಟ್ಟು ಎತ್ತಿ ಕೊಡಲು ಹೋದರೆ ಬೇಡ ಎಂದರು. ಕುಡಿಯುವ ನೀರನ್ನೂ ತಾವೇ ಬಗ್ಗಿಸಿಕೊಂಡು ಕುಡಿದರು. ಸಂಜೆಯವರೆಗೆ ಅವಳು ಬದುವಿನ ಮೇಲೆ ಕೂತಿದ್ದಳು, ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡು. ನಾನು ಸಾಲಿನಲ್ಲಿದ್ದೆ. ಬಗ್ಗಿದ ತಲೆ ಎತ್ತಲಿಲ್ಲ. ನಾಟಿಯಲ್ಲಿ ಅದೊಂದು ಅನುಕೂಲ.

ನಾಲ್ಕು ದಿನವೂ ಬಂದಳು, ನಾಲ್ಕು ದಿನವೂ ಕೂತಳು.

ಪಂಚಮಿ ಬಂತು. ಕರೆದುಕೊಂಡು ಹೋಗಲು ಅವಳ ಅಣ್ಣ ಬಂದ. ಹೆಣ್ಣುಮಗಳು ಪಂಚಮಿಗೆ ತವರಿಗೆ ಹೋದರೆ ಗಂಡನ ಮನೆಯವರು ಹೋಗಿ ಕರೆದು ತರಬೇಕು, ತಾನಾಗಿ ಬರುವಂತಿಲ್ಲ. ಹೊಸ್ತಿಲು ದಾಟುವಾಗ ತಿರುಗಿ, ತನ್ನನ್ನು ಕರೆಯಲು ಯಾರು ಬರುತ್ತೀರಿ ಎಂದು ಕೇಳಿದಳು. ಬರ್ತಾರ ಬಿಡು, ಹೋಗು ಎಂದೆ.

ಯಾರೂ ಹೋಗಲಿಲ್ಲ. ಗಣೇಶನ ಹಬ್ಬ ಹೋಯಿತು, ದಸರಾ ಹೋಯಿತು. ದುರುಗಪ್ಪ ಎರಡು ಸಲ ಕೇಳಿದ. ಒಂದು ಸಲ ಕಳೆ ಇದೆ ಎಂದೆ, ಒಂದು ಸಲ ನೀರಿನ ಪಾಳಿ ಇದೆ ಎಂದೆ. ಮೂರನೆಯ ಸಲ ಅವನು ಕೇಳಲಿಲ್ಲ. ದ್ಯಾವಮ್ಮ ಅವನಿಗೆ ಮಸ್ಕಿ ಕಡೆಯ ಒಂದು ಹುಡುಗಿಯ ಸುದ್ದಿ ಹೇಳಿದ್ದಳು. ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಒಂದು ದಿನ ಮಗ ಅನ್ನದ ತಾಟಿನ ಮುಂದೆ ಕೂತು, ಕಲಸಿ, ತಿನ್ನದೆ ಎದ್ದು ಹೋದ. ಅವತ್ತು ನನಗೆ ತಡೆಯಲಾಗಲಿಲ್ಲ.

ದೀಪಾವಳಿ ಕಳೆದ ವಾರ ಯಾರಿಗೂ ಹೇಳದೆ ಮಸ್ಕಿಗೆ ಹೋಗಿ ಲಿಂಗಸುಗೂರು ಬಸ್ಸು ಹತ್ತಿದೆ. ಅಲ್ಲಿಳಿದು ಮತ್ತೊಂದು ಬಸ್ಸು, ಆಮೇಲೆ ಒಂದು ಹರದಾರಿ ನಡಿಗೆ. ಎರಡೂ ಕಡೆ ಕರಿ ನೆಲ, ಮೊಣಕಾಲುದ್ದ ಜೋಳ. ಅವಳ ತಂದೆ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಬಾ ಬೀಗ್ತೆವ್ವ ಎಂದು ಚಾಪೆ ಹಾಸಿದ. ಒಂದು ಕೆಟ್ಟ ಮಾತು ಆಡಲಿಲ್ಲ. ಮಾತು ಇಲ್ಲಿಗೂ ಬಂದಿದೆ, ಹಿಂಗಾರಿ ಬಿತ್ತಿಗೆಯಲ್ಲಿ ಇವಳ ಅತ್ತಿಗೆ ಬೀಜದ ಉಡಿಯನ್ನು ಇವಳಿಗೆ ಮುಟ್ಟಗೊಡಲಿಲ್ಲ ಎಂದಷ್ಟೇ ಹೇಳಿದ. ಆಮೇಲೆ ಮತ್ತೆ ಹಗ್ಗ ಹೊಸೆಯತೊಡಗಿದ.

ಅಮರಮ್ಮ ಹಿತ್ತಲಲ್ಲಿ ಬಣವೆಯಿಂದ ದನಗಳಿಗೆ ಜೋಳದ ಕಣಿಕೆ ಹಿರಿಯುತ್ತಿದ್ದಳು. ಸೊರಗಿ ಹೋಗಿದ್ದಳು. ನನ್ನನ್ನು ಕಂಡ ಕೂಡಲೇ ತಲೆ ಮೇಲೆ ಸೆರಗು ಎಳೆದುಕೊಂಡು ನೀರು ತಂದಳು. ನಾನು ನೀರು ಕುಡಿಯದೆ, ನಿಂತಲ್ಲೇ ಎಲ್ಲ ಹೇಳಿದೆ. ಗಾಳಿ, ಧೂಳು, ಎರಡು ಗುಂಪು, ಬಿಳಿ ಕಾಳು, ಎಲ್ಲ.

ಅವಳು ಕೇಳಿಸಿಕೊಂಡಳು. ನಂತರ ಹೇಳಿದಳು.

"ನನಗ ಗೊತ್ತಿತ್ತು ಅತ್ತಿ. ನೀವು ಎಮ್ಮಿಗೆ ಸುರಿದ್ರಲ್ಲ, ಅದರಾಗಿಂದ ಒಂದು ಕಾಳು ಎತ್ತಿ ಕಡದು ನೋಡಿದ್ದೆ. ನಿಮಗ ಬುತ್ತಿ ತಂದಾಗ ಕಣದಾಗ ನೀವು ಕಡಿಯೂದು ನೋಡೀನಲ್ರೀ."

"ಮತ್ತ ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ನಿಮಗ ಕಳ್ಳಿ ಅಂತಿದ್ರು. ನೀವಾ ಹೇಳ್ತೀರಿ ಅಂತ ಕಾದೆ. ನಾಟಿಯಾಗ ಬದುವಿನ ಮ್ಯಾಲ ಕುಂತು ನಾಕೂ ದಿನ ಕಾದೆ."

ಬಣವೆಗೆ ಒರಗಿ ಕೂತೆ. ಅವಳೂ ಎದುರಿಗೆ ಕೂತಳು. ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ಈಗಲೇ ನಡಿ, ಹೋಗೋಣ ಎಂದೆ.

"ಈಗ ಬ್ಯಾಡ. ನೀವು ಹೋಗಿ ಅಗಸಿ ಕಟ್ಟಿ ಮುಂದ, ನಾಕು ಮಂದಿ ಇದ್ದಾಗ ಈ ಮಾತು ಹೇಳ್ರಿ. ಬೀಜ ಕುದಿಸಿದ್ದಿತ್ತು, ನನ್ನ ಸೊಸಿ ಕೈ ಅಲ್ಲ ಅಂತ. ಅಷ್ಟ ಸಾಕು. ನೀವು ಹೇಳೀರಿ ಅಂತ ಸುದ್ದಿ ಬಂದ ಮರುದಿನ ಮೊದಲ ಬಸ್ಸಿಗೆ ನಾನಾ ಬರ್ತೀನಿ. ಕರಿಯಾಕ ಯಾರೂ ಬರೂದು ಬ್ಯಾಡ."

ಹೇಳುತ್ತೇನೆ ಎಂದೆ. ಆಣೆ ಮಾಡಲು ಹೋದೆ, ಅವಳೇ ಕೈ ಹಿಡಿದು ತಡೆದಳು, ಆಣಿ ಬ್ಯಾಡ್ರಿ ಎಂದಳು. ದಾರಿಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು. ಹರದಾರಿ ದೂರ ಜೊತೆಗೆ ನಡೆದು ರಸ್ತೆಯವರೆಗೆ ಬಂದು, ಬಸ್ಸು ತಿರುವು ದಾಟುವ ತನಕ ನಿಂತಿದ್ದಳು. ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿದೆ.

ಆಮೇಲಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮರುವರ್ಷ ದುರುಗಪ್ಪನಿಗೆ ಮಸ್ಕಿ ಕಡೆಯ ಹುಡುಗಿಯ ಜೊತೆ ಎರಡನೇ ಮದುವೆಯಾಯಿತು. ಎರಡು ಗಂಡು ಮಕ್ಕಳು. ನನ್ನನ್ನು ಸಿಂಧನೂರಿಗೆ ಕರೆದುಕೊಂಡು ಹೋದವನು ಅವರಲ್ಲಿ ಚಿಕ್ಕವನು. ಅವನನ್ನು ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ಅವನ ಮುಖ ನೋಡಿದಾಗಲೆಲ್ಲ ಅವಳು ನೆನಪಾಗುವುದನ್ನು ತಪ್ಪಿಸಲೂ ಆಗುವುದಿಲ್ಲ. ಅಮರಮ್ಮನನ್ನು ಹಟ್ಟಿ ಊರಿನ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡುವ ಒಬ್ಬ ಹೆಂಡತಿ ಸತ್ತವನಿಗೆ ಕೊಟ್ಟರು ಎಂದು ಕೇಳಿದೆ. ಮಕ್ಕಳಾದವೋ ಇಲ್ಲವೋ ವಿಚಾರಿಸಿಲ್ಲ. ಐದಾರು ವರ್ಷಕ್ಕೆ ಸಾವುಕಾರ ಸತ್ತ, ಮಕ್ಕಳು ಮಿಲ್ಲು ಮುಚ್ಚಿ ಜಾಗ ಮಾರಿದರು. ದ್ಯಾವಮ್ಮನೂ ಹೋದಳು. ಹೇಳಲು ಯಾರ ಹೆದರಿಕೆಯೂ ಇಲ್ಲದಂತಾಯಿತು. ಅಷ್ಟರಲ್ಲಿ ಕೇಳಬೇಕಾದವರೂ ಉಳಿದಿರಲಿಲ್ಲ.

ಆದರೆ ಅಮರಮ್ಮನನ್ನು ಕಂಡು ಬಂದ ಮರುದಿನ ಬೆಳಿಗ್ಗೆ ಎಲ್ಲರೂ ಇದ್ದರು. ನಾನು ಬೇಗ ಎದ್ದು ಅಂಗಳಕ್ಕೆ ನೀರು ಹೊಡೆದು, ಎಮ್ಮೆ ಹಿಂಡಿ, ಹಾಲಿನ ಚೊಂಬು ಹಿಡಿದು ಅಗಸಿಗೆ ಹೋದೆ. ಕಟ್ಟೆಯ ಮೇಲೆ ಐದಾರು ಮಂದಿ ಚಹಾ ಕುಡಿಯುತ್ತಿದ್ದರು. ಮೇಸ್ತ್ರಿ ಇದ್ದ, ದ್ಯಾವಮ್ಮನ ಮಗನಿದ್ದ. ನಾಟಿಯ ಸಾಲಿನ ಇಬ್ಬರು ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಬರುವ ದಾರಿಯುದ್ದಕ್ಕೂ ಮಾತನ್ನು ಬಾಯಲ್ಲಿ ಜೋಡಿಸಿಕೊಂಡೇ ಬಂದಿದ್ದೆ. ಮೇಸ್ತ್ರಿಯೇ ಮೊದಲು ಕೇಳಿದ, ನಿನ್ನೆ ಕೆಲಸಕ್ಕೆ ಬರಲಿಲ್ಲ, ಲಿಂಗಸುಗೂರು ಬಸ್ಸಿನಲ್ಲಿ ಯಾರೋ ನಿನ್ನನ್ನು ಕಂಡರಂತೆ, ಬೀಗರ ಊರಿಗೆ ಹೋಗಿದ್ದೆಯಾ, ಏನಂದರು ಎಂದು. ಎಲ್ಲರೂ ನನ್ನ ಕಡೆ ತಿರುಗಿದರು.

"ಕಳಸಂಗಿಲ್ಲಂತ" ಎಂದೆ.

ಅವರಿಗೂ ಸೊಕ್ಕು ಭಾಳಾತು ಬಿಡು ಎಂದ ಒಬ್ಬ. ನಾನು ಹಾಲು ಹಾಕಿ, ಚೊಂಬು ಬೋರಲು ಮಾಡಿ ಜಾಡಿಸಿ, ಕಣಕ್ಕೆ ಹೋದೆ.